ಲಸಿಕೆ ಹಾಕಿಸಿಕೊಳ್ಳದಿದ್ದರೆ ಕೆಲಸಕ್ಕೆ ಬರಬೇಡ ಅನ್ನಬಹುದಾ?

ಹೋದ ತಿಂಗಳ ಅಂಕಣದ ಕೊನೆಯಲ್ಲಿ ಒಂದು ಮಾತು ಕೇಳಿದ್ದೆ. ಕೆಲಸದ ಜಾಗದಲ್ಲಿ ಯಾರಾದರೂ ನಿಮಗೆ ಲಸಿಕೆ ಕಡ್ಡಾಯ ಮಾಡಿದ್ದರೆ, ಅಥವಾ ನೀವೇ ಬೇರೆಯವರಿಗೆ ಕಡ್ಡಾಯ ಮಾಡಿದ್ದರೆ, ಆ ಅನುಭವ ಬರೆದು ಕಳಿಸಿ ಅಂತ. ಕೊರೊನಾ ಕಾಲ ಕಳೆದು ಇಷ್ಟು ದಿನವಾಯಿತು, ಈಗ ಯಾರು ಬರೆಯುತ್ತಾರೆ ಅಂದುಕೊಂಡಿದ್ದೆ. ಬಂದ ಪತ್ರ ಓದಿ ಮುಗಿಸಲು ಎರಡು ಭಾನುವಾರ ಬೇಕಾಯಿತು. ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ. ಹೊಸ ಓದುಗರಿಗೆ ನನ್ನ ಬಗ್ಗೆ ಒಂದು ಮಾತು: ಇಪ್ಪತ್ತೆರಡು ವರ್ಷ ಕಾರ್ಖಾನೆ ಡಾಕ್ಟರ್ ಆಗಿದ್ದವಳು ನಾನು. ಲಸಿಕೆ ಮೇಲೆ ನಂಬಿಕೆ ಇರುವವಳು. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದೆ ಓದಿ.

ಪ್ರಶ್ನೆ: ಮೇಡಂ, ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. 2021ರ ಜುಲೈನಲ್ಲಿ, ಲಸಿಕೆ ಹಾಕಿಸ್ಕೊಂಡ ಮೆಸೇಜು ತೋರಿಸಿದ್ರೆ ಮಾತ್ರ ಗೇಟ್ ಒಳಗೆ ಬಿಡೋದು ಅಂದ್ರು. ಆಗ ನನ್ನ ಮಗೂಗೆ ಐದು ತಿಂಗಳು, ಎದೆಹಾಲು ಕುಡೀತಿತ್ತು. ಹಾಲು ಕೊಡೋರು ಹಾಕಿಸ್ಕೋಬಾರ್ದು ಅಂತ ನಮ್ಮ ಬೀದೀಲಿ ಎಲ್ಲ ಹೇಳ್ತಿದ್ರು. ಹನ್ನೊಂದು ದಿನ ಗೇಟಿಂದ ವಾಪಸ್ ಬಂದೆ. ಸಂಬಳ ಕಟ್ ಆಯ್ತು. ಆಮೇಲೆ ಬೇರೆ ದಾರಿ ಇಲ್ದೆ ಹಾಕಿಸ್ಕೊಂಡೆ. ನನಗೂ ಮಗೂಗೂ ಏನೂ ಆಗ್ಲಿಲ್ಲ. ಆದ್ರೂ ಗೇಟಲ್ಲಿ ಎಲ್ಲರ ಮುಂದೆ ನಿಲ್ಲಿಸಿದ್ದು ಮರೆಯೋಕಾಗ್ತಿಲ್ಲ. ಅವರು ಮಾಡಿದ್ದು ಸರೀನಾ? (ಓದುಗರೊಬ್ಬರು, ಬೆಂಗಳೂರು)

ಉತ್ತರ: ಸರಿಯಲ್ಲಮ್ಮ. ನಿಮಗೆ ಗೊತ್ತಿರಲೇಬೇಕಾದ ಒಂದು ಸಂಗತಿ ಮೊದಲು ಹೇಳುತ್ತೇನೆ. ನಿಮ್ಮ ಬೀದಿಯವರು ಹೇಳುತ್ತಿದ್ದದ್ದು ಗಾಳಿಮಾತಲ್ಲ. 2021ರ ಜನವರಿ 16ರಂದು ದೇಶದಲ್ಲಿ ಲಸಿಕೆ ಶುರುವಾದಾಗ ಬಸುರಿಯರಿಗೂ ಹಾಲೂಡಿಸುವ ತಾಯಂದಿರಿಗೂ ಕೊಡಬೇಡಿ ಅಂತ ಕೇಂದ್ರ ಆರೋಗ್ಯ ಇಲಾಖೆಯೇ ಹೇಳಿತ್ತು. ಅವರ ಮೇಲೆ ಆಗ ಪ್ರಯೋಗ ನಡೆದಿರಲಿಲ್ಲ, ಅದಕ್ಕೆ. ಹಾಲೂಡಿಸುವವರಿಗೆ ಕೊಡಬಹುದು ಅಂತ ಇಲಾಖೆ ಹೇಳಿದ್ದು ಮೇ 19ಕ್ಕೆ. ಬಸುರಿಯರಿಗೆ ಜುಲೈ 2ಕ್ಕೆ. ಅಂದರೆ ನೀವು ಹೆದರಿದ್ದು ಒಂದೂವರೆ ತಿಂಗಳ ಹಿಂದಿನವರೆಗೆ ಸರ್ಕಾರವೇ ಹೇಳುತ್ತಿದ್ದ ಮಾತಿಗೆ. ಆ ಮಾತು ಬದಲಾಗಿದೆ, ಯಾಕೆ ಬದಲಾಯಿತು ಅಂತ ನಿಮ್ಮನ್ನು ಕೂರಿಸಿಕೊಂಡು ಹೇಳುವುದು ಕಂಪನಿಯ ಕೆಲಸವಾಗಿತ್ತು. ಅವರು ಗೇಟು ಹಾಕಿದರು.

ಇನ್ನು ಕಾನೂನು. 2021ರ ಜೂನ್‌ನಲ್ಲೇ ಮೇಘಾಲಯ ಹೈಕೋರ್ಟು ಇಂಥದ್ದೇ ವಿಚಾರ ಕೈಗೆತ್ತಿಕೊಂಡಿತ್ತು. ಅಲ್ಲಿ ಅಂಗಡಿಯವರು, ಟ್ಯಾಕ್ಸಿಯವರು ಲಸಿಕೆ ಹಾಕಿಸಿಕೊಂಡ ಮೇಲಷ್ಟೇ ಕೆಲಸ ಶುರು ಮಾಡಬೇಕು ಅಂತ ಆದೇಶವಾಗಿತ್ತು. ಬಲವಂತದಿಂದ ಲಸಿಕೆ ಕೊಡುವುದು ಮೂಲಭೂತ ಹಕ್ಕಿಗೆ ಧಕ್ಕೆ ಅಂತ ಕೋರ್ಟು ಹೇಳಿತು. ಆಮೇಲೆ 2022ರ ಮೇ 2ರಂದು ಸುಪ್ರೀಂ ಕೋರ್ಟು, ಮಕ್ಕಳ ವೈದ್ಯ ಜೇಕಬ್ ಪುಲಿಯೆಲ್ ಅವರು ಹಾಕಿದ್ದ ಕೇಸಿನಲ್ಲಿ, ಯಾರಿಗೂ ಬಲವಂತವಾಗಿ ಲಸಿಕೆ ಕೊಡುವ ಹಾಗಿಲ್ಲ ಅಂತ ಸ್ಪಷ್ಟವಾಗಿ ತೀರ್ಪು ಕೊಟ್ಟಿತು. ನಮ್ಮ ದೇಹದ ಮೇಲೆ ನಮಗಿರುವ ಹಕ್ಕು ಸಂವಿಧಾನದ 21ನೇ ವಿಧಿಯಲ್ಲೇ ಸೇರಿದೆ ಅಂತ. ಇಷ್ಟು ವರ್ಷವಾದ ಮೇಲೆ ನಿಮ್ಮ ಹನ್ನೊಂದು ದಿನದ ಸಂಬಳ ವಾಪಸ್ ಬರುವುದು ಕಷ್ಟ. ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಆದರೆ ತಪ್ಪು ನಿಮ್ಮದಾಗಿರಲಿಲ್ಲ.

ನಾನು ಕಂಡದ್ದೊಂದನ್ನು ಹೇಳುತ್ತೇನೆ. ಅದೇ ಜುಲೈ. ನಾನಿದ್ದ ಕಾರ್ಖಾನೆಯಲ್ಲಿ ಕ್ಯಾಂಟೀನ್ ಪಕ್ಕ ಟೇಬಲ್ ಹಾಕಿಕೊಂಡು ಕೂತಿದ್ದೆ. ಲಸಿಕೆ ಬಂದಿತ್ತು, ಐಸ್ ಡಬ್ಬ ಪಕ್ಕದಲ್ಲಿತ್ತು, ಜನ ಮಾತ್ರ ಬರುತ್ತಿಲ್ಲ. ಬೆಳಿಗ್ಗೆಯಿಂದ ಇಪ್ಪತ್ತು ಜನ ಆಗಿರಬಹುದು. ಮೇಲಿನವರು ನೋಟಿಸ್ ಹಾಕೋಣ, ಹಾಜರಿ ಹಾಕುವುದು ಬೇಡ ಅಂತ ಮಾತಾಡಿಕೊಳ್ಳುತ್ತಿದ್ದರು. ಮಧ್ಯಾಹ್ನ ಒಬ್ಬಳು ಹುಡುಗಿ ಬಂದು, ಬೆರಳಿಗೆ ಸುತ್ತಿಕೊಂಡಿದ್ದ ಬಟ್ಟೆ ಚೂರನ್ನು ಬಿಚ್ಚುತ್ತಾ ಸುತ್ತುತ್ತಾ ಕೇಳಿದಳು, "ಡಾಕ್ಟರಮ್ಮ, ಜ್ವರ ಬಂದ್ರೆ ನಾಳೆ ರಜಕ್ಕೆ ಸಂಬಳ ಕೊಡ್ತಾರಾ? ಅಟೆಂಡೆನ್ಸ್ ಬೋನಸ್ ಹೋಗುತ್ತಾ?" ಅಷ್ಟೇ ಅವಳ ಹೆದರಿಕೆ. ಗಂಡಸ್ತನ ಹೋಗುತ್ತೆ, ಚಿಪ್ ಇದೆ, ಮಕ್ಕಳಾಗಲ್ಲ ಅಂತೆಲ್ಲ ಜನ ನಂಬಿದ್ದಾರೆ ಅಂತ ನಾವು ಮೀಟಿಂಗ್ ಮೇಲೆ ಮೀಟಿಂಗ್ ಮಾಡಿದ್ದೆವು, ಅವಳಿಗಿದ್ದದ್ದು ಬೋನಸ್ಸಿನ ಚಿಂತೆ. ಮ್ಯಾನೇಜರ್ ಹತ್ತಿರ ಹೋಗಿ ಹಟ ಹಿಡಿದೆ. ಲಸಿಕೆ ಹಾಕಿಸಿಕೊಂಡವರಿಗೆ ಎರಡು ದಿನ ಸಂಬಳದ ರಜೆ, ಬೋನಸ್ ಮುಟ್ಟುವುದಿಲ್ಲ ಅಂತ ಮೈಕಿನಲ್ಲಿ ಹೇಳಿಸಿದೆ. ಮಾರನೇ ದಿನ ಸಾಲು ಸೈಕಲ್ ಸ್ಟ್ಯಾಂಡ್‌ವರೆಗೆ ಬಂತು. ನೋಟಿಸ್ ಬೇಕಾಗಲೇ ಇಲ್ಲ.

ಪ್ರಶ್ನೆ: ನಾನು ಸಣ್ಣ ಕೈಗಾರಿಕೆ ನಡೆಸ್ತೀನಿ, 32 ಜನ ಇದ್ದಾರೆ. ಎಲ್ಲರೂ ಕೆಲಸದವರ ಹಕ್ಕು ಅಂತೀರಿ. ಒಬ್ಬ ಹಟ ಮಾಡಿ ಲಸಿಕೆ ಹಾಕಿಸ್ಕೊಳ್ಳದೆ ಬಂದು ಹತ್ತು ಜನಕ್ಕೆ ಹಚ್ಚಿದ್ರೆ ಆ ಹತ್ತು ಜನರ ಹಕ್ಕೇನು? ನನ್ನ ಆರ್ಡರ್ ನಿಂತರೆ ಯಾರು ಕೊಡ್ತಾರೆ? ನಾಳೆ ಇನ್ನೊಂದು ರೋಗ ಬಂದ್ರೆ ನಾನೇನು ಕೈಕಟ್ಟಿ ಕೂರಬೇಕಾ? (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಹತ್ತು ಜನರ ಹಕ್ಕು ಒಬ್ಬನ ಹಕ್ಕಿಗಿಂತ ಕಡಿಮೆಯದಲ್ಲ. ಅದೇ ಸುಪ್ರೀಂ ಕೋರ್ಟ್ ತೀರ್ಪನ್ನು ಪೂರ್ತಿ ಓದಬೇಕು, ಜನ ಅರ್ಧ ಮಾತ್ರ ಹೇಳುತ್ತಾರೆ. ಸರ್ಕಾರದ ಲಸಿಕೆ ನೀತಿ ತಪ್ಪು ಅಂತ ಕೋರ್ಟು ಹೇಳಲಿಲ್ಲ. ಸಾರ್ವಜನಿಕ ಆರೋಗ್ಯಕ್ಕಾಗಿ ವ್ಯಕ್ತಿಯ ಹಕ್ಕಿಗೆ ಮಿತಿ ಹಾಕಬಹುದು ಅಂತಲೇ ಹೇಳಿತು. ಆದರೆ ಆ ಮಿತಿ ಅಳತೆ ಮೀರಬಾರದು. ಕಾನೂನಿನ ಬಲ ಇರಬೇಕು, ನಿಜವಾದ ಅಗತ್ಯ ಇರಬೇಕು, ಅಗತ್ಯಕ್ಕೆ ತಕ್ಕಷ್ಟೇ ಇರಬೇಕು. ಈ ಅಳತೆಗೋಲು ಬಂದದ್ದು ಖಾಸಗಿತನ ಮೂಲಭೂತ ಹಕ್ಕು ಅಂದ ಸುಪ್ರೀಂ ಕೋರ್ಟಿನ 2017ರ ತೀರ್ಪಿನಿಂದ. ಆ ಕೇಸು ಹಾಕಿದ್ದವರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಹಾಗಾದರೆ ಕೊರೊನಾ ಲಸಿಕೆ ಆ ಅಳತೆಯಲ್ಲಿ ಯಾಕೆ ನಿಲ್ಲಲಿಲ್ಲ? ಇದು ಮುಖ್ಯ. ಹಾಕಿಸಿಕೊಳ್ಳದವರು ಹಾಕಿಸಿಕೊಂಡವರಿಗಿಂತ ಜಾಸ್ತಿ ಹರಡುತ್ತಾರೆ ಅನ್ನುವುದಕ್ಕೆ ಆಗಿನ ಸ್ಥಿತಿಯಲ್ಲಿ ಕೇಂದ್ರವಾಗಲಿ ರಾಜ್ಯಗಳಾಗಲಿ ಕೋರ್ಟಿನ ಮುಂದೆ ಅಂಕಿ ಅಂಶ ಇಡಲಿಲ್ಲ. ಆ ಲಸಿಕೆ ಸಾವನ್ನೂ ಐಸಿಯುವನ್ನೂ ಚೆನ್ನಾಗಿ ತಡೆಯಿತು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹರಡುವುದನ್ನು ಮೊದಲು ಸ್ವಲ್ಪ ತಡೆಯಿತು, ಕೆಲವು ತಿಂಗಳಿಗೆ ಆ ಬಲ ಇಳಿಯಿತು, ಓಮಿಕ್ರಾನ್ ಬಂದ ಮೇಲೆ ಇನ್ನೂ ಇಳಿಯಿತು. ಎರಡು ಡೋಸ್ ಹಾಕಿಸಿಕೊಂಡವರಿಗೂ ಮನೆಮಂದಿಗೆಲ್ಲ ಬಂತು, ನೆನಪಿದೆ ಅಲ್ವಾ? ಹಾಗಿದ್ದಾಗ ಲಸಿಕೆ ಮುಖ್ಯವಾಗಿ ಕಾಪಾಡಿದ್ದು ಹಾಕಿಸಿಕೊಂಡವನನ್ನೇ. ಅವನ ಜೀವ ಅವನು ಕಾಪಾಡಿಕೊಳ್ಳಲಿ ಅಂತ ಬುದ್ಧಿ ಹೇಳಬಹುದು, ಬೇಡಿಕೊಳ್ಳಬಹುದು. ಅವನ ಅನ್ನ ಕಿತ್ತುಕೊಂಡು ಹೇಳುವುದು ಬೇರೆ ಮಾತು. 2021ರ ಡಿಸೆಂಬರಿನಲ್ಲಿ ಓಮಿಕ್ರಾನ್ ದೇಶದಲ್ಲೇ ಮೊದಲು ಬೆಂಗಳೂರಿನಲ್ಲಿ ಕಾಣಿಸಿಕೊಂಡಾಗ ಮಾಲ್‌ಗೂ ಸಿನಿಮಾ ಥಿಯೇಟರಿಗೂ ಎರಡು ಡೋಸ್ ಬೇಕು ಅಂತ ನಮ್ಮ ರಾಜ್ಯ ಮಾಡಿತ್ತು. ಸಿನಿಮಾ ಬಿಟ್ಟರೆ ಹೊಟ್ಟೆ ಹಸಿಯುವುದಿಲ್ಲ. ಕೆಲಸ ಬಿಟ್ಟರೆ ಹಸಿಯುತ್ತದೆ. ನನಗೆ ಈ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು. ಸೋಂಕು ಕಡಿಮೆ ಇರುವವರೆಗೆ ಲಸಿಕೆ ಇಲ್ಲದವರಿಗೆ ನಿರ್ಬಂಧ ಬೇಡ, ಖಾಸಗಿ ಸಂಸ್ಥೆಗಳೂ ತಮ್ಮ ನಿಯಮ ಮತ್ತೆ ನೋಡಲಿ ಅಂದ ಕೋರ್ಟು, ಮುಂದೆ ಪರಿಸ್ಥಿತಿ ಬದಲಾದರೆ ಸರ್ಕಾರ ಕ್ರಮ ಕೈಗೊಳ್ಳುವುದನ್ನು ತಡೆದಿಲ್ಲ. ನಾಳೆ ಹರಡುವುದನ್ನೇ ಗಟ್ಟಿಯಾಗಿ ತಡೆಯುವ ಲಸಿಕೆ ಬಂದು, ರೋಗವೂ ಘೋರವಾಗಿದ್ದರೆ ಲೆಕ್ಕ ಬದಲಾಗುತ್ತದೆ. ನನ್ನ ಅಭಿಪ್ರಾಯವೂ ಬದಲಾಗುತ್ತದೆ.

ನೀವು ಕೈಕಟ್ಟಿ ಕೂರಬೇಕಿಲ್ಲ. ಜ್ವರ ಬಂದವನು ಮಾತ್ರೆ ನುಂಗಿ ಯಾಕೆ ಕೆಲಸಕ್ಕೆ ಬರುತ್ತಾನೆ ಅಂತ ಒಮ್ಮೆ ಕೇಳಿ ನೋಡಿ. ರಜೆ ಹಾಕಿದರೆ ಸಂಬಳ ಹೋಗುತ್ತದೆ ಅಂತ. ಹತ್ತು ಜನಕ್ಕೆ ಹಚ್ಚುವವನು ಬಹಳ ಸಲ ಇವನೇ. ನಿಮ್ಮಲ್ಲಿ 32 ಜನ ಇದ್ದಾರೆ, ಅಂದರೆ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ, ಅಂದರೆ ನೌಕರರ ಸರ್ಕಾರಿ ವಿಮೆ, ಬರಬೇಕು. ಕಾಯಿಲೆ ರಜೆಗೆ ಇಎಸ್‌ಐನಲ್ಲಿ ಕೂಲಿಯ ನೂರಕ್ಕೆ 70ರಂತೆ ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಎಷ್ಟು ಜನ ಕೆಲಸಗಾರರಿಗೆ ಇದು ಗೊತ್ತು? ಹೋಗಿ ಹೇಳಿ. ಕಿಟಕಿ ತೆಗೆಸಿ, ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಲಸಿಕೆ ನಿಮ್ಮ ಖರ್ಚಿನಲ್ಲಿ ಕರೆಸಿ, ಹಾಕಿಸಿಕೊಂಡ ದಿನಕ್ಕೂ ಮಾರನೇ ದಿನಕ್ಕೂ ಸಂಬಳ ಕೊಡಿ. ಇಷ್ಟೆಲ್ಲ ಮಾಡಿದ ಮೇಲೂ ಒಬ್ಬ ಬೇಡ ಅಂದರೆ ಅವನಿಗೆ ಮಾಸ್ಕ್ ಕೊಡಿ, ದೂರದ ಮಷೀನಿಗೆ ಹಾಕಿ.

ಪ್ರಶ್ನೆ: ಮೇಡಂ, ನಾನು ಡಯಾಲಿಸಿಸ್ ಯೂನಿಟ್‌ನಲ್ಲಿ ಸ್ಟಾಫ್ ನರ್ಸ್. ಹೆಪಟೈಟಿಸ್ ಬಿ ಮೂರು ಡೋಸ್ ಆದ ಸರ್ಟಿಫಿಕೇಟ್ ಕೊಡದಿದ್ರೆ ಡ್ಯೂಟಿ ಹಾಕಲ್ಲ ಅಂತಿದ್ದಾರೆ. ದುಡ್ಡು ನಾವೇ ಕೊಡಬೇಕಂತೆ. ಪ್ರತಿ ವರ್ಷ ಫ್ಲೂ ಲಸಿಕೆನೂ ಬೇಕಂತೆ. ಕೋರ್ಟೇ ಬಲವಂತ ಬೇಡ ಅಂದ ಮೇಲೆ ಇವರು ಹೇಗೆ ಕೇಳ್ತಾರೆ? (ಓದುಗರೊಬ್ಬರು, ಮಂಗಳೂರು)

ಉತ್ತರ: ಇಲ್ಲಿ ನಾನು ನಿಮ್ಮ ಪಕ್ಷವೂ ಹೌದು, ಆಸ್ಪತ್ರೆಯ ಪಕ್ಷವೂ ಹೌದು. ಬಿಡಿಸಿ ಹೇಳುತ್ತೇನೆ.

ಹೆಪಟೈಟಿಸ್ ಬಿ ಅಂದರೆ ರಕ್ತದಿಂದ ಹರಡುವ ಲಿವರ್ ಕಾಯಿಲೆ. ಅದು ಇರುವವರ ರಕ್ತ ತಾಗಿದ ಸೂಜಿ ಚುಚ್ಚಿದರೆ, ಲಸಿಕೆ ಇಲ್ಲದವರಲ್ಲಿ ನೂರಕ್ಕೆ 6ರಿಂದ 30 ಜನಕ್ಕೆ ಸೋಂಕು ತಗಲುತ್ತದೆ. ಎಚ್‌ಐವಿಯಲ್ಲಿ ಇದು ಸಾವಿರಕ್ಕೆ 3. ನಾವು ಎಚ್‌ಐವಿಗೆ ಹೆದರುತ್ತೇವೆ, ಇದಕ್ಕೆ ಹೆದರುವುದಿಲ್ಲ. ಒಣಗಿದ ರಕ್ತದ ಕಲೆಯಲ್ಲೂ ಈ ವೈರಸ್ ಏಳು ದಿನ ಬದುಕಿರುತ್ತದೆ. ಡಯಾಲಿಸಿಸ್ ಯೂನಿಟ್ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಒಂದೇ ಕೋಣೆಯಲ್ಲಿ ಸಾಲಾಗಿ ಮಷೀನು, ಪ್ರತಿಯೊಬ್ಬರ ರಕ್ತವೂ ಟ್ಯೂಬಿನಲ್ಲಿ ಹೊರಗೆ ಹರಿಯುತ್ತಿರುತ್ತದೆ, ನಿಮ್ಮ ಕೈ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತದೆ. ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ ಅಲ್ಲಿ ಮಲಗುವವರಿಗೆ ನರ್ಸನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಇಲ್ಲ. ಅವರಿಗೇ ಲಸಿಕೆ ಕೊಟ್ಟರೂ ಕಿಡ್ನಿ ಕೆಟ್ಟ ದೇಹದಲ್ಲಿ ಅದು ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಲಸಿಕೆ ಬೇಡ ಅನ್ನುವ ಹಕ್ಕು ನಿಮಗಿದೆ, ಆದರೆ ಅದೇ ಯೂನಿಟ್ಟಿನಲ್ಲೇ ಡ್ಯೂಟಿ ಬೇಕು ಅನ್ನುವ ಹಕ್ಕು ಇಲ್ಲ ಅಂತ ನನ್ನ ಅಭಿಪ್ರಾಯ. ಬೇರೆ ವಾರ್ಡು ಕೊಡಿ ಅಂತ ಕೇಳಬಹುದು. ಕೊಡುವುದು ನ್ಯಾಯ.

ಆದರೆ ದುಡ್ಡು? ಅದು ನಿಮ್ಮದಲ್ಲವೇ ಅಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮದಲ್ಲಿ, ಆಸ್ಪತ್ರೆ ತ್ಯಾಜ್ಯ ಮುಟ್ಟುವ ಎಲ್ಲ ಸಿಬ್ಬಂದಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಕೊಡಿಸುವುದು ಆಸ್ಪತ್ರೆ ನಡೆಸುವವರ ಹೊಣೆ ಅಂತ ಬರೆದಿದೆ. ಗಮನಿಸಿ, ಕಾನೂನು ಕಡ್ಡಾಯ ಮಾಡಿರುವುದು ಮಾಲೀಕರಿಗೆ. ಈ ದೇಶದಲ್ಲಿ ಕೆಲಸದ ಜಾಗದ ಲಸಿಕೆ ಬಗ್ಗೆ ನಾನು ಮೆಚ್ಚುವ ನಿಯಮ ಇದೊಂದು. ಆದರೆ ಪಾಲಿಸುವವರು ಎಷ್ಟು ಜನ? ನನ್ನ ಪರಿಚಯದ ಒಬ್ಬ ಆಯಾ ಇದ್ದರು, ಕಂಟ್ರ್ಯಾಕ್ಟ್ ಮೇಲೆ. ಸೂಜಿಗಳು ಬಿಳಿ ಗಟ್ಟಿ ಡಬ್ಬಕ್ಕೆ ಹೋಗಬೇಕು, ಯಾರೋ ಹಳದಿ ಚೀಲಕ್ಕೆ ಹಾಕಿದ್ದರು. ಚೀಲದ ಬಾಯಿ ಕಟ್ಟಿ ಎತ್ತುವಾಗ ತೊಡೆಗೆ ಚುಚ್ಚಿತು. ಸೀರೆ ಮೇಲೆ ಒಂದು ಚುಕ್ಕಿ ರಕ್ತ, ಅಷ್ಟೇ. ಅವರು ನೀರಲ್ಲಿ ತೊಳೆದುಕೊಂಡು ಕೆಲಸ ಮುಂದುವರಿಸಿದರು. ಆ ಆಸ್ಪತ್ರೆಯ ಡಾಕ್ಟರುಗಳಿಗೆಲ್ಲ ಲಸಿಕೆ ಆಗಿತ್ತು. ಇವರಿಗೆ ಯಾರೂ ಕೊಟ್ಟಿರಲಿಲ್ಲ, ನೀವು ನಮ್ಮ ಸ್ಟಾಫ್ ಅಲ್ಲ, ಏಜೆನ್ಸಿಯವರನ್ನು ಕೇಳಿ ಅಂದರಂತೆ. ಎರಡು ವರ್ಷದ ಮೇಲೆ ಲಿವರ್ ತೊಂದರೆ ಅಂತ ನನ್ನ ಹತ್ತಿರ ಬಂದಾಗ ಈ ಕತೆ ಹೊರಬಿತ್ತು. ಲಸಿಕೆ ಬೇಡ ಅನ್ನುವ ಸ್ವಾತಂತ್ರ್ಯದ ಬಗ್ಗೆ ಇಷ್ಟು ಜಗಳ ಆಡುತ್ತೇವೆ. ಬೇಕು ಅನ್ನುವವರಿಗೆ ಸಿಗದೇ ಇದ್ದದ್ದರ ಬಗ್ಗೆ ಯಾರಿಗೂ ಸಿಟ್ಟು ಬರುವುದಿಲ್ಲ ಅನ್ನುವುದೇ ನನ್ನ ಸಂಕಟ.

ಮೂರು ಡೋಸ್ ಮುಗಿದು ಒಂದೆರಡು ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿ, ಲಸಿಕೆ ಹಿಡಿದಿದೆ ಅಂತ ತೋರಿಸುವ ಪ್ರತಿಕಾಯ (ಆಂಟಿಬಾಡಿ) 10 ಅಥವಾ ಜಾಸ್ತಿ ಇದೆಯಾ ನೋಡಿಸಿಕೊಳ್ಳಿ. ಅದಕ್ಕೂ ಅವರೇ ಕೊಡಲಿ. ಫ್ಲೂ ಲಸಿಕೆ ಒಳ್ಳೆ ವರ್ಷದಲ್ಲಿ ನೂರಕ್ಕೆ 40ರಿಂದ 60ರಷ್ಟು ಕೆಲಸ ಮಾಡುತ್ತದೆ. ಹಾಕಿಸಿಕೊಳ್ಳಿ ಅಂತ ಹೇಳುತ್ತೇನೆ, ಅದಕ್ಕಾಗಿ ಡ್ಯೂಟಿ ತಪ್ಪಿಸುವುದನ್ನು ಒಪ್ಪುವುದಿಲ್ಲ.

ಪ್ರಶ್ನೆ: ಸಿಡುಬು ಹೋದದ್ದು ಬಲವಂತದಿಂದಲೇ ಅಲ್ಲವೇ? ಜನರನ್ನು ಕೇಳುತ್ತಾ ಕೂತಿದ್ದರೆ ಇಂದಿಗೂ ಇರುತ್ತಿತ್ತು. ನಾನು ನಿವೃತ್ತ ಮೇಷ್ಟ್ರು. ನನ್ನ ತೋಳಿನ ಮೇಲೆ ಇನ್ನೂ ಆ ಕಲೆ ಇದೆ. (ಓದುಗರೊಬ್ಬರು, ಮೈಸೂರು)

ಉತ್ತರ: ಮೇಷ್ಟ್ರೇ, ನಿಮ್ಮ ಊರಿನಿಂದಲೇ ಶುರು ಮಾಡೋಣ. 1805ರ ಹೊತ್ತಿಗೆ ಥಾಮಸ್ ಹಿಕಿ ಅನ್ನುವ ಚಿತ್ರಕಾರ ಮೈಸೂರು ಅರಮನೆಯ ಮೂವರು ಹೆಂಗಸರ ಚಿತ್ರ ಬರೆದ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಅದರಲ್ಲಿದ್ದಾರೆ, ಸೆರಗು ಸರಿಸಿ ಲಸಿಕೆ ಹಾಕಿಸಿಕೊಂಡ ತೋಳಿನ ಕಡೆ ತೋರಿಸುತ್ತಿದ್ದಾರೆ ಅಂತ ಇತಿಹಾಸಕಾರರು ಹೇಳುತ್ತಾರೆ. ಇಂಗ್ಲೆಂಡಿನ ವೈದ್ಯ ಜೆನ್ನರನ ಸಿಡುಬಿನ ಲಸಿಕೆ ಆಗಿನ್ನೂ ಹೊಸದು. ರಾಣಿಯೇ ಹಾಕಿಸಿಕೊಂಡರು ಅಂದಾಗ ಜನರ ಹೆದರಿಕೆ ಇಳಿಯುತ್ತದೆ ಅನ್ನುವ ಲೆಕ್ಕ. ನಮ್ಮ ನಾಡಿನ ಲಸಿಕೆ ಕತೆ ಹೀಗೆ, ತೋಳು ತೋರಿಸಿ ಒಪ್ಪಿಸುವುದರಿಂದ ಶುರುವಾಯಿತು ಅನ್ನುವುದು ನನಗೆ ತುಂಬಾ ಇಷ್ಟ.

ಆದರೆ ನೀವು ಹೇಳಿದ್ದರಲ್ಲೂ ನಿಜ ಇದೆ. 1970ರ ದಶಕದ ಕೊನೆಯ ಹೋರಾಟದಲ್ಲಿ ಬಲವಂತ ನಡೆಯಿತು. ಆಗ ಬಿಹಾರದಲ್ಲಿದ್ದ, ಈಗ ಜಾರ್ಖಂಡಿನಲ್ಲಿರುವ ಸಿಂಗ್‌ಭೂಮ್ ಕಡೆಯ ಒಂದು ಘಟನೆಯನ್ನು ಆ ತಂಡದಲ್ಲಿದ್ದ ಅಮೆರಿಕದ ವೈದ್ಯ ಲ್ಯಾರಿ ಬ್ರಿಲಿಯಂಟ್ ಬರೆದಿದ್ದಾರೆ. ರಾತ್ರಿ 'ಹೋ' ಅನ್ನುವ ಆದಿವಾಸಿ ಸಮುದಾಯದ ಒಬ್ಬ ಮುಖಂಡನ ಮನೆ ಬಾಗಿಲು ಒಡೆದು ಒಳಗೆ ನುಗ್ಗಿ, ಹಿಡಿದು, ಮನೆಯವರಿಗೆಲ್ಲ ಚುಚ್ಚಿದರು. ಆತ ಕೈಲಾದಷ್ಟು ಹೋರಾಡಿದ. ಎಲ್ಲ ಮುಗಿದ ಮೇಲೆ ಹಿತ್ತಲಿಗೆ ಹೋಗಿ ಒಂದು ಸೌತೆಕಾಯಿ ಕಿತ್ತು ತಂದು ಅವರ ಕೈಗೆ ಕೊಟ್ಟ. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಅಂತ. ಇದನ್ನು ಓದಿದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ. ಆ ರೋಗ ನೂರರಲ್ಲಿ ಸುಮಾರು ಮೂವತ್ತು ಜನರನ್ನು ಕೊಲ್ಲುತ್ತಿತ್ತು, ಲಸಿಕೆ ಹರಡುವುದನ್ನೇ ನಿಲ್ಲಿಸುತ್ತಿತ್ತು, 1975ರ ಮೇ ತಿಂಗಳಿಗೆ ನಮ್ಮ ದೇಶದ ಕೊನೆಯ ರೋಗಿ, 1980ಕ್ಕೆ ಜಗತ್ತಿನಿಂದಲೇ ಹೋಯಿತು ಅಂತ ಘೋಷಣೆಯಾಯಿತು. ಅಳತೆಗೋಲು ಇಟ್ಟು ನೋಡಿದರೆ ಸಿಡುಬಿಗೆ ಕಡ್ಡಾಯ ಮಾಡಿದ್ದನ್ನು ನಾನು ಒಪ್ಪುತ್ತೇನೆ. ಬಾಗಿಲು ಒಡೆದದ್ದನ್ನು ಒಪ್ಪಲಾರೆ. ಅಮೆರಿಕದಲ್ಲೂ 1905ರಲ್ಲಿ ಹೆನಿಂಗ್ ಜೇಕಬ್ಸನ್ ಅನ್ನುವ ಪಾದ್ರಿ ಸಿಡುಬಿನ ಲಸಿಕೆ ಬೇಡ ಅಂತ ಸುಪ್ರೀಂ ಕೋರ್ಟಿನವರೆಗೆ ಹೋಗಿ ಸೋತ. ಆದರೆ ಸೋತವನಿಗೆ ಬಿದ್ದದ್ದು 5 ಡಾಲರ್ ದಂಡ. ಯಾರೂ ಅವನ ಕೈ ಹಿಡಿದು ಚುಚ್ಚಲಿಲ್ಲ.

ಪ್ರಶ್ನೆ: ನಮ್ಮಪ್ಪ ಕಾಡಿನಲ್ಲಿ ವಾಚರ್. ಮಂಗನ ಕಾಯಿಲೆ ಇಂಜೆಕ್ಷನ್ ಹಾಕಿಸ್ಕೊಳ್ದಿದ್ರೆ ಕೆಲಸಕ್ಕೆ ಬರಬೇಡಿ ಅಂತ ಹಿಂದೆ ಹೇಳಿದ್ರು. ವರ್ಷಾ ವರ್ಷಾ ಹಾಕಿಸ್ಕೊಂಡ್ರು, ಕೈ ಊದಿ ಎರಡು ದಿನ ಅನ್ನ ಕಲಸೋಕಾಗ್ತಿರಲಿಲ್ಲ. ಈಗ ಆ ಲಸಿಕೆಯೇ ಪ್ರಯೋಜನ ಇಲ್ಲ ಅಂತ ನಿಲ್ಲಿಸಿದ್ದಾರೆ. ಹಾಗಾದ್ರೆ ಅಷ್ಟು ವರ್ಷ ಚುಚ್ಚಿದ್ದು ಯಾಕೆ? (ಓದುಗರೊಬ್ಬರು, ಸಾಗರ ತಾಲ್ಲೂಕು)

ಉತ್ತರ: ಈ ಪತ್ರವನ್ನು ಮೂರು ಸಲ ಓದಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗೊತ್ತಾದ ಕಾಯಿಲೆ ಇದು. ಅದರ ಲಸಿಕೆಯನ್ನು ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಿಸುತ್ತಿದ್ದರು. ತಿಂಗಳ ಅಂತರದಲ್ಲಿ ಎರಡು, ಆಮೇಲೆ ಬೂಸ್ಟರ್, ಮತ್ತೆ ವರ್ಷಕ್ಕೊಂದು. ಚುಚ್ಚಿಸಿಕೊಂಡವರಿಗೆ ಗೊತ್ತು ಅದರ ಉರಿ. 2019ರ ಶುರುವಿನಲ್ಲಿ ನಿಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸಾಯುತ್ತಿದ್ದಾಗ ಕೈಯಲ್ಲಿದ್ದ ಆಯುಧ ಅದೊಂದೇ. ಲಸಿಕೆಯ ಬಲ ಕಡಿಮೆ ಅಂತ ಗೊತ್ತಾಗಿ 2022ರಲ್ಲಿ ನಿಲ್ಲಿಸಿದರು. ಹೊಸದಕ್ಕೆ ಕೆಲಸ ನಡೆದಿದೆ.

ಚುಚ್ಚಿದವರಿಗೆ ಕೆಟ್ಟ ಮನಸ್ಸಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಮಂಗನ ಕಾಯಿಲೆ ಉಣುಗು ಕಚ್ಚಿ ಬರುವುದು, ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ನಿಮ್ಮ ತಂದೆ ಹಾಕಿಸಿಕೊಳ್ಳದಿದ್ದರೆ ಅಪಾಯ ಅವರಿಗೆ ಮಾತ್ರ. ಅಂಥ ಕಡೆ ಕೆಲಸದ ಬೆದರಿಕೆ ಹಾಕಲು ಯಾರಿಗೂ ನೈತಿಕ ಹಕ್ಕಿರಲಿಲ್ಲ. ಅದರ ಮೇಲೆ, ಲಸಿಕೆ ಎಷ್ಟು ಕೆಲಸ ಮಾಡುತ್ತದೆ ಅನ್ನುವುದನ್ನು ತೋಳು ಕೊಟ್ಟವರಿಗೆ ವರ್ಷ ವರ್ಷ ಹೇಳಬೇಕಿತ್ತು. ಮೈಗೆ ಹಚ್ಚುವ ಎಣ್ಣೆ, ಮಂಡಿವರೆಗಿನ ಬೂಟು, ಕಾಡಿಗೆ ಹೋಗುವವರಿಗೆ ವಿಮೆ, ಇವುಗಳನ್ನು ಕಡ್ಡಾಯ ಮಾಡಲಿ ಇಲಾಖೆ, ತನಗೆ ತಾನೇ. ಹೊಸ ಲಸಿಕೆ ಬಂದಾಗ ನಿಮ್ಮ ತಂದೆ ಅನುಮಾನಪಟ್ಟರೆ ಅವರನ್ನು ಮೂಢರು ಅನ್ನಬೇಡಿ. ಪರೀಕ್ಷೆಯ ಫಲಿತಾಂಶ ಕನ್ನಡದಲ್ಲಿ ಕೊಡಿ ಅಂತ ಕೇಳಿ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿ ಎಚ್1ಬಿ ಕೆಲಸದ ವೀಸಾ ಮೇಲಿದ್ದೆ. 2021ರಲ್ಲಿ ಆಫೀಸಿನ ಇಮೇಲ್ ಬಂದ ರಾತ್ರಿಯೇ ಹೋಗಿ ಹಾಕಿಸ್ಕೊಂಡೆ. ಅಮೆರಿಕದ ಗೆಳೆಯರು ಫ್ರೀಡಂ ಅಂತ ಜಗಳ ಆಡ್ತಿದ್ರು. ನಮಗೆ ಆ ಮಾತಾಡೋ ಧೈರ್ಯವೂ ಇರಲಿಲ್ಲ. (ಓದುಗರೊಬ್ಬರು, ಈಗ ಶಿವಮೊಗ್ಗ)

ಉತ್ತರ: ಅರ್ಥವಾಗುತ್ತದೆ. ಕೆಲಸ ಹೋದರೆ ಬೇರೆ ಕೆಲಸ ಹುಡುಕಲು, ಇಲ್ಲವೇ ದೇಶ ಬಿಡಲು ಅಲ್ಲಿ ನಿಮಗಿರುವುದು 60 ದಿನ. ನೂರು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಂಪನಿಗಳಲ್ಲಿ ಲಸಿಕೆ, ಇಲ್ಲವೇ ವಾರಕ್ಕೊಮ್ಮೆ ಪರೀಕ್ಷೆ ಮತ್ತು ಮಾಸ್ಕ್ ಅನ್ನುವ ಬೈಡನ್ ಸರ್ಕಾರದ ನಿಯಮ ಸುಮಾರು 8.4 ಕೋಟಿ ನೌಕರರಿಗೆ ಅನ್ವಯವಾಗುತ್ತಿತ್ತು. 2022ರ ಜನವರಿ 13ರಂದು ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ತಡೆಯಿತು. ಅದೇ ದಿನ, ಸರ್ಕಾರಿ ಹಣ ಪಡೆಯುವ ಆಸ್ಪತ್ರೆಗಳ ಸಿಬ್ಬಂದಿಗೆ ಕಡ್ಡಾಯ ಮಾಡಿದ್ದನ್ನು ಒಪ್ಪಿತು. ಮಂಗಳೂರಿನ ನರ್ಸಿಗೆ ನಾನು ಹೇಳಿದ್ದೂ ಈ ಗೆರೆಯನ್ನೇ. ಆದರೆ ಖಾಸಗಿ ಕಂಪನಿ ತಾನಾಗಿ ಮಾಡಿದ ನಿಯಮ ಬೇರೆ, ಅದಕ್ಕೆ ಬಹುತೇಕ ರಾಜ್ಯಗಳಲ್ಲಿ ಅಡ್ಡಿ ಇರಲಿಲ್ಲ. ನೀವು ಹಾಕಿಸಿಕೊಂಡದ್ದು ಒಪ್ಪಿಗೆಯಿಂದ ಅಲ್ಲ, ವೀಸಾದ ಭಯದಿಂದ. ಸಂಬಳಕ್ಕೆ ಹೆದರಿದ ಟೈಲರ್ ತಂಗಿಗೂ ನಿಮಗೂ ಹೆಚ್ಚು ವ್ಯತ್ಯಾಸ ಇಲ್ಲ.

ಪ್ರಶ್ನೆ: ನನ್ನ ತಮ್ಮ ಕಂಪನಿ ಕ್ಯಾಂಪಿನಲ್ಲಿ ಲಸಿಕೆ ಹಾಕಿಸ್ಕೊಂಡ ಹನ್ನೆರಡು ದಿನಕ್ಕೆ ತೀರಿಕೊಂಡ. ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿತ್ತು ಅಂದ್ರು. ಎಲ್ಲಿ ಹೇಳಿದ್ರೂ ಲಸಿಕೆಯಿಂದಲ್ಲ ಅಂತ ಬಾಯಿ ಮುಚ್ಚಿಸ್ತಾರೆ. ನಿಮ್ಮಂಥ ಡಾಕ್ಟರುಗಳು ಕಂಪನಿಗಳ ಪರ. (ಓದುಗರೊಬ್ಬರು, ತುಮಕೂರು)

ಉತ್ತರ: ನಿಮ್ಮ ಸಿಟ್ಟನ್ನು ತಲೆಬಾಗಿ ತೆಗೆದುಕೊಳ್ಳುತ್ತೇನೆ. ನಿಮ್ಮ ತಮ್ಮನಿಗೆ ಏನಾಯಿತು ಅಂತ ಕಾಗದ ನೋಡದೆ ನಾನು ಹೇಳಲಾರೆ, ಹೌದು ಅಂತಲೂ ಅಲ್ಲ ಅಂತಲೂ. ಆದರೆ ನಿಮ್ಮ ಬಾಯಿ ಮುಚ್ಚಿಸಿದವರು ತಪ್ಪು ಮಾಡಿದರು. ನಮ್ಮಲ್ಲಿ ಕೋವಿಶೀಲ್ಡ್ ಅಂತ ಬಂದ ಆಸ್ಟ್ರಾಜೆನೆಕಾ ಲಸಿಕೆಯಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ ಇಳಿಯುವುದುಂಟು. 2021ರಲ್ಲೇ ಯೂರೋಪಿನಲ್ಲಿ ಇದು ಗೊತ್ತಾಗಿತ್ತು. ಅಪರೂಪ ಅನ್ನುವುದು ಎಣಿಸುವವರಿಗೆ, ಮನೆಯವರಿಗಲ್ಲ.

ಕಡ್ಡಾಯ ಮಾಡುವವರಿಗೆ ನನ್ನ ಮೊದಲ ಪ್ರಶ್ನೆ ಇದೇ. ತೊಂದರೆಯಾದರೆ ಹೊಣೆ ಯಾರದು? ನಮ್ಮಲ್ಲಿ ಗೇಟಿನಲ್ಲಿ ತಡೆದವರು ಕೊನೆಗೆ, ನೀವೇ ಒಪ್ಪಿ ಹಾಕಿಸಿಕೊಂಡಿರಿ ಅಂದುಬಿಟ್ಟರು. ಲಸಿಕೆ ಸ್ವಇಚ್ಛೆಯದು, ಸಾವಿಗೆ ತಾನು ಹೊಣೆಯಲ್ಲ ಅಂತ ಕೇಂದ್ರವೂ 2022ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿತು. ಕೆಲಸಕ್ಕೆ ಬೇಕೇ ಬೇಕು ಅನ್ನುವವನು ತೊಂದರೆಯಾದಾಗ ಆಸ್ಪತ್ರೆ ಖರ್ಚನ್ನೂ ಪರಿಹಾರವನ್ನೂ ಬರೆದು ಕೊಡಬೇಕು. ಕೊಡಲಾಗದಿದ್ದರೆ ಕಡ್ಡಾಯ ಅನ್ನುವ ಪದ ಬಳಸಬಾರದು.

ಈಗ ನೀವು ಮಾಡಬಹುದಾದದ್ದು. ಪ್ರತಿ ಜಿಲ್ಲೆಯಲ್ಲೂ ಲಸಿಕೆ ನಂತರದ ತೊಂದರೆ ನೋಡುವ ಸಮಿತಿ ಇರುತ್ತದೆ. ಜನರೇ ಅಥವಾ ಖಾಸಗಿ ವೈದ್ಯರೇ ದೂರು ಕೊಡಲು ವ್ಯವಸ್ಥೆ ಇರಬೇಕು ಅಂತ ಜೇಕಬ್ ಪುಲಿಯೆಲ್ ಕೇಸಿನ ಅದೇ 2022ರ ತೀರ್ಪು ಹೇಳಿದೆ. ಲಸಿಕೆ ಸರ್ಟಿಫಿಕೇಟ್, ಅದರಲ್ಲಿರುವ ಬ್ಯಾಚ್ ನಂಬರ್, ಆಸ್ಪತ್ರೆಯ ಡಿಸ್ಚಾರ್ಜ್ ಅಥವಾ ಮರಣದ ಕಾಗದ, ಸ್ಕ್ಯಾನ್, ಪ್ಲೇಟ್‌ಲೆಟ್ ಲೆಕ್ಕ ಇರುವ ರಕ್ತದ ವರದಿ, ಇಷ್ಟನ್ನು ಜೆರಾಕ್ಸ್ ಮಾಡಿಸಿ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಒಂದು ಪ್ರತಿ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಕಳಿಸಿ. ಪ್ಲೇಟ್‌ಲೆಟ್ ವರದಿಯನ್ನು ನಾನೇ ಕೂತು ಓದಿ, ನನಗೆ ತಿಳಿದದ್ದನ್ನು ಬರೆದು ಕಳಿಸುತ್ತೇನೆ.